ಎಂಜಿನ್ ರೂಮಿನಿಂದ ವೇದಾವತಿ

ಏಪ್ರಿಲ್ 6, ಭಾನುವಾರ

ಸಂಪತ್ ಈಗ ತಾನೇ ಹೊರಟರು. ಕಾರ್ಕ್‌ನಿಂದ ಡಬ್ಲಿನ್, ಅಲ್ಲಿಂದ ಇನ್ನೊಂದು ರೈಲು ಹಿಡಿದು ಡ್ರೋಹೆಡಾ. ಜನವರಿಯಿಂದ ಇದೇ ಪಾಡು. ಶುಕ್ರವಾರ ರಾತ್ರಿ ಬರುವುದು, ಭಾನುವಾರ ಊಟ ಮುಗಿಸಿ ಹೋಗುವುದು. ಅಲ್ಲಿನ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವರಿಗೆ ಕಾಂಟ್ರಾಕ್ಟ್ ಕೆಲಸ. ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನ ಈ ಮನೆಯಲ್ಲಿ ವಾರವಿಡೀ ನಾನು ಮತ್ತು ಹತ್ತು ವರ್ಷದ ಮಗಳು ಅನನ್ಯಾ.

ನನಗೆ ಸಿಟ್ಟಿದೆ, ಇಲ್ಲಾದರೂ ಬರೆದುಕೊಳ್ಳುತ್ತೇನೆ. ಈ ಕೆಲಸ ಬಂದಾಗ ಅವರು ಕೇಳಿದ್ದು ನಿಜ: "ಹೋಗ್ಲಾ, ಬೇಡ್ವಾ? ನಿಂಗೆ ಮ್ಯಾನೇಜ್ ಆಗುತ್ತಾ?" ನಾನು "ಅದಕ್ಕೇನ್ರೀ, ಹೋಗಿ ಬನ್ನಿ" ಅಂದದ್ದೂ ನಿಜ. ಆದರೆ ಒಂದೇ ಸಲ ಕೇಳಿ ಯಾರಾದರೂ ಸುಮ್ಮನಾಗುತ್ತಾರಾ? ಮೈಸೂರಿನ ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿಗೂ ಮೂರು ಸಲ ಉಪಚಾರ. ಮೊದಲನೆಯದಕ್ಕೆ ಬೇಡ ಅನ್ನಬೇಕು. ಎರಡನೆಯದಕ್ಕೆ ಅಯ್ಯೋ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೆಯದಕ್ಕೆ ಸರಿ, ಅರ್ಧ ಲೋಟ ಕೊಡಿ ಅನ್ನಬೇಕು. ಈ ಮಂಡ್ಯದ ಗಂಡಸು ಒಂದೇ ಸಲ ಕೇಳಿ, ಅಟ್ಟದಿಂದ ಸೂಟ್‌ಕೇಸ್ ಇಳಿಸಿಕೊಂಡರು.

ಹೋಗುವಾಗ ಅವರ ಹೆಡ್‌ಸೆಟ್ಟನ್ನು ಟೀವಿಯ ಪಕ್ಕ ಇಟ್ಟು ಹೋಗಿದ್ದಾರೆ. ಕಣ್ಣಿಗೆ ಕಟ್ಟಿಕೊಂಡು ಆಡುವ ಆಟವಂತೆ. "ಬೇಜಾರಾದ್ರೆ ಆಡು" ಅಂದರು. ಬೇಜಾರಾಗಲು ನನಗೆ ಪುರುಸೊತ್ತು ಎಲ್ಲಿದೆ?

ಏಪ್ರಿಲ್ 8, ಮಂಗಳವಾರ

ಆಯಿತು, ಹಾಕಿಕೊಂಡೆ. ಮಂಗಳವಾರ, ಗುರುವಾರ ಸಂಜೆ ಅನನ್ಯಾಳಿಗೆ ಕಮೋಗಿ ಅಭ್ಯಾಸ. ಕೋಲಿನಿಂದ ಚೆಂಡು ಹೊಡೆಯುವ ಇಲ್ಲಿನ ಹುಡುಗಿಯರ ಆಟ ಅದು. ಹೊಡೆತ ಚೆಂಡಿಗಿಂತ ಕಾಲಿಗೇ ಜಾಸ್ತಿ ಬೀಳುತ್ತದೆ. ಅವಳನ್ನು ಮೈದಾನಕ್ಕೆ ಬಿಟ್ಟು ಬಂದರೆ ಒಂದು ಗಂಟೆ ನನ್ನದು.

ಕಣ್ಣಿಗೆ ಕಟ್ಟಿಕೊಂಡ ತಕ್ಷಣ ಹಾಲ್ ಮಾಯ. ಸೋಫಾದ ಮೇಲೆ ಮಡಿಸದೆ ಬಿದ್ದಿದ್ದ ಬಟ್ಟೆಯ ರಾಶಿಯೂ ಮಾಯ. ಅದೊಂದಕ್ಕೇ ದುಡ್ಡು ಕೊಡಬಹುದು.

ಒಂದು ಬಾಹ್ಯಾಕಾಶ ಹಡಗು. ಗುರುತು ಪರಿಚಯ ಇಲ್ಲದ ನಾಲ್ಕು ಜನ, ಅವರವರ ಮನೆಯಿಂದಲೇ ಮಾತಾಡಿಕೊಂಡು, ಸೇರಿ ಅದನ್ನು ನಡೆಸಬೇಕು. ಒಬ್ಬರು ಕ್ಯಾಪ್ಟನ್, ಒಬ್ಬರು ಹಡಗು ಓಡಿಸುವವರು, ಒಬ್ಬರು ಫಿರಂಗಿಗೆ, ಒಬ್ಬರು ಎಂಜಿನ್ ರೂಮಿಗೆ. ಖಾಲಿ ಇದ್ದ ಕಡೆ ಆಟವೇ ನಮ್ಮನ್ನು ನೂಕುತ್ತದೆ. ನನ್ನನ್ನು ಎಂಜಿನ್ ರೂಮಿಗೆ ನೂಕಿತು. ಅಲ್ಲಿಯೂ ಅಡುಗೆಮನೆಯೇ ಸಿಕ್ಕಿತು: ಶಾಖ, ಹಬೆ, ಪೈಪು, ತಿರುಗಿಸಲು ಚಕ್ರಗಳು. ಬೇರೆಯವರಿಗೆ ಕಿಟಕಿಯಲ್ಲಿ ನಕ್ಷತ್ರ ಕಾಣುತ್ತದಂತೆ. ನನಗೆ ಪೈಪು.

ಒಂದು ಚಕ್ರವನ್ನು ಜೋರಾಗಿ ತಿರುಗಿಸಲು ಹೋಗಿ, ಹಾಲಿಗೇ ಸೇರಿಕೊಂಡಿರುವ ನಿಜವಾದ ಅಡುಗೆಮನೆಯ ಶೆಲ್ಫಿಗೆ ಕೈ ಬಡಿಯಿತು. ಠಣ್ ಅಂತ ಸದ್ದು.

"ಅಯ್ಯೋ ಶಿವನೇ, ನನ್ನ ಸಾಸಿವೆ ಡಬ್ಬಿ!"

ಕ್ಯಾಪ್ಟನ್ ಗಾಬರಿಯಾದರು. "ಏನದು? ಯಾರು ಹೊಡೆದರು ನಮಗೆ?" ವಯಸ್ಸಾದ ಹೆಂಗಸಿನ ದನಿ. ಇಂಗ್ಲಿಷು ಎಳೆದೆಳೆದು ಮಾತಾಡುತ್ತಾರೆ.

ಅಷ್ಟರಲ್ಲಿ ಹಡಗು ಓಡಿಸುತ್ತಿದ್ದವನು ಕೂಗಿದ: "ಅಕ್ಕಾ! ಕನ್ನಡದೋರಾ ನೀವು?"

ಅವನ ಹೆಸರು ಮಿಥುನ್. ತುಮಕೂರಿನವನು, ಇಲ್ಲೇ ಮಾಸ್ಟರ್ಸ್ ಮುಗಿಸಿ ಕೆಲಸಕ್ಕೆ ಸೇರಿದ್ದಾನೆ, ಡಬ್ಲಿನ್ ಪಕ್ಕದ ಡನ್ ಲಿಯರಿಯಲ್ಲಿ ರೂಮು. ನಾವಿಬ್ಬರೂ "ಊಟ ಆಯ್ತಾ, ಯಾವ ಕಡೆ" ಅಂತ ವಿಚಾರಿಸಿಕೊಳ್ಳುವಷ್ಟರಲ್ಲಿ ಹಡಗು ಒಂದು ಬಂಡೆಗೆ ಗುದ್ದಿ ಚೂರುಚೂರಾಯಿತು. ಸಾಸಿವೆ ಗುಡಿಸುತ್ತಾ ಒಬ್ಬಳೇ ನಕ್ಕೆ.

ಏಪ್ರಿಲ್ 10, ಗುರುವಾರ

ಅದೇ ಹಡಗಿಗೆ ಮತ್ತೆ ಹೋದೆ. ಮಿಥುನ್ ಕರೆದಿದ್ದ. ಇಲ್ಲದಿದ್ದರೆ ಹೋಗುತ್ತಿರಲಿಲ್ಲ.

ಕ್ಯಾಪ್ಟನ್ ಹೆಸರು ಬ್ರೀಡಾ. ಮೇಯೋ ಕಡೆಯವರು, ಜೀವಮಾನವಿಡೀ ಶಾಲೆಯ ಬಸ್ಸು ಓಡಿಸಿ ಈಗ ನಿವೃತ್ತಿ. ಹಡಗಿಗೂ ಬಸ್ಸು ಅಂತಲೇ ಅನ್ನುತ್ತಾರೆ. "ಎಲ್ಲರೂ ಕೂತ್ರಾ? ಹಿಂದಿನ ಸೀಟಿನಲ್ಲಿ ಗಲಾಟೆ ಬೇಡ" ಅಂದ ಮೇಲೆಯೇ ಹೊರಡುವುದು. ಫಿರಂಗಿಯವನು ತೋಮೆಕ್, ಪೋಲೆಂಡಿನವನು, ಲಿಮರಿಕ್‌ನ ಬೇಕರಿಯೊಂದರಲ್ಲಿ ಬ್ರೆಡ್ ಮಾಡುತ್ತಾನೆ. ಮಾತು ಕಮ್ಮಿ, ಗುರಿ ಜಾಸ್ತಿ.

ಇವತ್ತು ಬರೀ ಅರ್ಧ ಹಡಗು ಸುಟ್ಟುಹೋಯಿತು.

ಏಪ್ರಿಲ್ 16, ಬುಧವಾರ

ಬಾಯ್ಲರ್ ನಿಂತಿದೆ. ಬಿಸಿನೀರಿಲ್ಲ. ಕೆಟಲ್‌ನಲ್ಲಿ ನೀರು ಕಾಯಿಸಿ ಬಕೆಟ್ಟಿಗೆ ಸುರಿದು ಅನನ್ಯಾಳಿಗೆ ಸ್ನಾನ ಮಾಡಿಸಿದೆ. ನನಗೆ ಕೈಕಾಲು ಮುಖ ಸಾಕು ಅನ್ನಿಸಿತು. ರಿಪೇರಿಯವನು ಶುಕ್ರವಾರ ಬರುತ್ತಾನಂತೆ.

ಸಂಪತ್ ವಿಡಿಯೋ ಕಾಲ್ ಮಾಡಿದರು. ಅವರ ಹಿಂದೆ ಒಲೆಯ ಮೇಲೆ ಕುಕ್ಕರ್ ಕಾಣಿಸುತ್ತಿತ್ತು. ಮನುಷ್ಯ ಅಡುಗೆ ಮಾಡಿಕೊಂಡು ಚೆನ್ನಾಗಿದ್ದಾರೆ. "ಎಲ್ಲಾ ಸರಿ ಇದ್ಯಾ?" ಅಂದರು. "ಗ್ರ್ಯಾಂಡ್ ಇದೆ" ಅಂದೆ. ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಎಲ್ಲ ಚೆನ್ನಾಗಿದೆ, ಚಿಂತೆಯಿಲ್ಲ ಅಂತ. ಪಕ್ಕದಲ್ಲಿ ಅನನ್ಯಾ ಕಣ್ಣು ಹೊರಳಿಸಿದಳು. ಇವಳಿಗೆ ಕೊಬ್ಬು ಜಾಸ್ತಿಯಾಗಿದೆ.

ಏಪ್ರಿಲ್ 29, ಮಂಗಳವಾರ

ಇಂದು ಅವಮಾನವಾಯಿತು. ವಿವರವಾಗಿ ಬರೆಯಲೇಬೇಕು.

ಬಂದರು ಕಣ್ಣಿಗೆ ಕಾಣುತ್ತಿತ್ತಂತೆ, ಇನ್ನೇನು ಮುಟ್ಟಬೇಕು. ಅಷ್ಟರಲ್ಲಿ ನನ್ನ ಕಡೆ ಎರಡು ಪೈಪು ಒಟ್ಟಿಗೆ ಬಿರುಕು ಬಿಟ್ಟವು. ಒಂದು ಕೈಯಲ್ಲಿ ಒಂದು ಚಕ್ರ, ಇನ್ನೊಂದು ಕೈಯಲ್ಲಿ ಇನ್ನೊಂದು. ಮೂರನೆಯದನ್ನು ಹಿಡಿಯಲು ನಾನೇನು ಚಾಮುಂಡಿಯಾ? ಶತ್ರುಗಳು ಮುಗಿದಿದ್ದರಿಂದ ತೋಮೆಕ್ ಎಂಜಿನ್ ರೂಮಿನ ಬಾಗಿಲಿಗೆ ಬಂದ.

"ನಾನು ಬರಲಾ ಸಹಾಯಕ್ಕೆ?"

"ಬೇಡ ಬೇಡ, ಐ ಆಮ್ ಗ್ರ್ಯಾಂಡ್" ಅಂದೆ.

ಹೋಗೇಬಿಟ್ಟ! ಹಬೆಯಲ್ಲಿ ನಾನು ಕಾಣುತ್ತಲೂ ಇರಲಿಲ್ಲ, ಆದರೂ ಸರಿ ಅಂತ ತಿರುಗಿ ಹೋಗೇಬಿಟ್ಟ. ಇನ್ನೊಂದು ಸಲ ಕೇಳಬೇಕೋ ಬೇಡವೋ? ನಾನು ಅವನ ಎರಡನೇ ಮಾತಿಗೆ ಕಾಯುತ್ತಿದ್ದೆ. ಹಡಗು ಢಂ ಅಂತು.

ಸತ್ತ ಮೇಲೆ ಎಲ್ಲರೂ ಒಂದು ಕೋಣೆಯಲ್ಲಿ ಸೇರುತ್ತೇವೆ. ತೋಮೆಕ್ ಪಾಪ ಗೊಂದಲದಲ್ಲಿದ್ದ. "ಕೇಳಿದೆನಲ್ಲ. ಬೇಡ ಅಂದಿರಿ."

"ಬೇಡ ಅಂದ ಮಾತ್ರಕ್ಕೆ ಹೋಗಿಬಿಡೋದಾ?" ಅಂದೆ.

"ಮತ್ತೇನು ಮಾಡಬೇಕಿತ್ತು?"

ಮಿಥುನ್ ಬಿದ್ದು ಬಿದ್ದು ನಗುತ್ತಿದ್ದ. "ಅಕ್ಕಾ, ಅವನು ಪೋಲೆಂಡ್‌ನೋನು. ಅವನಿಗೆಲ್ಲಿ ಗೊತ್ತಾಗ್ತೈತೆ ನಮ್ ಉಪಚಾರ!" ಆಮೇಲೆ ಅವನೇ ಇಂಗ್ಲಿಷಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದ, ಮೂರು ಸಲದ ಕಾಫಿಯ ಸಮೇತ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬ್ರೀಡಾ ಮಾತ್ರ ನಗಲಿಲ್ಲ. ಅವರ ಅಮ್ಮನೂ ಹಾಗೇ ಇದ್ದರಂತೆ. ಮೇಯೋದಲ್ಲಿ ಮೊದಲ ಸಲಕ್ಕೇ ಚಹಾ ಒಪ್ಪಿಕೊಂಡರೆ ಮಾನ ಹೋದ ಹಾಗೆ. ಒಮ್ಮೆ ಯಾರದೋ ಮನೆಯಲ್ಲಿ ಪಾದ್ರಿಗೆ ಒಂದೇ ಸಲ ಚಹಾ ಕೇಳಿದರಂತೆ. ಆತ ಒಣಗಿದ ಗಂಟಲಲ್ಲೇ ಎದ್ದು ಹೋಗಿ, ಆಮೇಲೆ ಆ ಮನೆಯ ಹೊಸಿಲು ತುಳಿಯಲಿಲ್ಲವಂತೆ.

"ಆದರೆ ಮಗಳೇ," ಅಂದರು, "ಬಸ್ಸಿಗೆ ಬೆಂಕಿ ಬಿದ್ದಾಗ ಚಹಾದ ಮರ್ಯಾದೆ ನಡೆಯೋದಿಲ್ಲ. ಇವತ್ತಿನಿಂದ ಇಲ್ಲಿ ಒಂದೇ ಸಲ ಕೇಳೋದು. ಮೊದಲು ಬಂದ ಉತ್ತರವೇ ಉತ್ತರ. ಗ್ರ್ಯಾಂಡ್ ಅನ್ನೋ ಮಾತನ್ನ ಬಾಗಿಲಾಚೆ ಬಿಟ್ಟು ಹತ್ತಿ."

ನನಗೇ ಹೇಳಿದ್ದು ಅಂತ ಗೊತ್ತು. ಇನ್ನು ಹೋಗುವುದಿಲ್ಲ. ಯಾರಿಗೆ ಬೇಕು ಇವರ ಬಸ್ಸು?

ಮೇ 1, ಗುರುವಾರ

ಹೋಗಿದ್ದೆ.

ಮೇ 4, ಭಾನುವಾರ

ನಿನ್ನೆ ಸಂಜೆ ಮೂವರೂ ನದಿ ಪಕ್ಕದ ಪಾರ್ಕಿಗೆ ಹೋಗಿದ್ದೆವು. ಅನನ್ಯಾ ಮುಂದೆ ಓಡಿದಳು. ಸಂಪತ್ ಜೇಬಿನಲ್ಲಿ ಕೈ ಇಟ್ಟುಕೊಂಡು ಹೇಳಿದರು:

"ಆಸ್ಪತ್ರೆಯೋರು ಕಾಯಂ ಮಾಡ್ಕೋತಾರಂತೆ. ಮುಂದಿನ ತಿಂಗಳು ಮೂರನೇ ತಾರೀಖಿನೊಳಗೆ ಹೇಳ್ಬೇಕು. ಏನಂತೀಯಾ?"

ಕಾಂಟ್ರಾಕ್ಟ್ ಅಂದರೆ ಜುಲೈಗೆ ಮುಗಿಯುತ್ತದೆ ಅಂತ ಹೇಗೋ ದಿನ ನೂಕುತ್ತಿದ್ದೆ. ಕಾಯಂ ಅಂದರೆ ಹೀಗೇ, ಅನನ್ಯಾ ದೊಡ್ಡವಳಾಗುವವರೆಗೂ. ನಾವು ಅಲ್ಲಿಗೆ ಹೋಗೋಣ ಅಂದರೆ ನನ್ನ ಆಫೀಸು ಕಾರ್ಕ್‌ನಲ್ಲಿ, ಇವಳ ಶಾಲೆ, ತಂಡ, ಗೆಳತಿಯರು ಎಲ್ಲ ಇಲ್ಲಿ. ಇಷ್ಟೆಲ್ಲ ತಲೆಯಲ್ಲಿ ಓಡಿತು. ಬಾಯಲ್ಲಿ ಬಂದದ್ದು "ನಿಮ್ಮಿಷ್ಟ ರೀ."

ಅವರು ನೀರಿನ ಕಡೆ ತಿರುಗಿದರು. "ಸರಿ ಹಾಗಾದ್ರೆ, ಯೋಚ್ನೆ ಮಾಡ್ತೀನಿ" ಅಂದರು. ಕಾಯಂ ಕೆಲಸ ಅಂದರೆ ಗಂಡಸರಿಗೆ ಆಸೆ ಇರುತ್ತದೆ. ನಾನ್ಯಾಕೆ ಅಡ್ಡಗಾಲು ಹಾಕಲಿ?

ಮೇ 9, ಶುಕ್ರವಾರ

ಬಾಯ್ಲರ್ ಮತ್ತೆ ಕೈ ಕೊಟ್ಟಿತು. ಪಕ್ಕದ ಮನೆಯವರ ಬಾಗಿಲು ತಟ್ಟಿ, "ನಮ್ಮ ಬಾಯ್ಲರ್ ಸತ್ತಿದೆ, ನನಗೆ ತಿಳಿಯುತ್ತಿಲ್ಲ, ಈಗಲೇ ಬರ್ತೀರಾ?" ಅಂದೆ. ಮನುಷ್ಯ ಮನೆಯೊಳಗಿನ ಚಪ್ಪಲಿಯಲ್ಲೇ ಬಂದು, ಕೆಳಗಿನ ಯಾವುದೋ ಕೀಲಿ ತಿರುಗಿಸಿ ಸರಿ ಮಾಡಿದರು. ಹೋಗುವಾಗ ಎರಡು ಚಕ್ಕುಲಿ ಕೊಟ್ಟೆ. ಮೊದಲ ಸಲಕ್ಕೇ ತೆಗೆದುಕೊಂಡರು. ಒಳ್ಳೆಯ ಜನ.

ಮೇ 15, ಗುರುವಾರ

ಗೆದ್ದೆವು! ಗೆದ್ದೆವು ಅನ್ನಬಾರದೇನೋ. ಮುಳುಗಲಿಲ್ಲ. ಆದರೆ ಎಂಥಾ ಮಜಾ ಅಂತೀನಿ!

ಇವತ್ತು ಹಡಗಿನ ತುಂಬಾ ಸಾಮಾನು, ಹಿಂದೆ ದರೋಡೆಕೋರರು. ನನ್ನ ಎಂಜಿನ್ ಕೆಂಪಗಾಗಿ ಗೊರಗೊರ ಅನ್ನುತ್ತಿತ್ತು. ಮೂರು ಪೈಪು ಒಟ್ಟಿಗೆ ಹೋದವು. ನನಗೆ ಇಂಗ್ಲಿಷೇ ಮರೆತುಹೋಯಿತು.

"ಆಗ್ತಿಲ್ಲ! ನನ್ ಕೈಲಿ ಆಗ್ತಿಲ್ಲ! ಎಲ್ಲಾ ಬನ್ರೋ ಇಲ್ಲಿ!"

ಬೇರೆಯವರಿಗೆ ಏನು ಅರ್ಥವಾಯಿತೋ, ಮಿಥುನ್ ಮಾತ್ರ ಚುಕ್ಕಾಣಿ ಬಿಟ್ಟು ಎದ್ದ. ಅವನು ಎದ್ದದ್ದು ನೋಡಿ ತೋಮೆಕ್ ಫಿರಂಗಿ ಬಿಟ್ಟ. ಕೊನೆಗೆ ಬ್ರೀಡಾ, "ದೇವರೇ, ಬಸ್ಸನ್ನು ಯಾರು ಓಡಿಸ್ತಿದ್ದೀರಿ?" ಅನ್ನುತ್ತಾ ಅವರೂ ಬಂದರು. ಅಷ್ಟು ಸಣ್ಣ ಎಂಜಿನ್ ರೂಮಿನಲ್ಲಿ ನಾಲ್ಕು ಜನ ಹೆಲ್ಮೆಟ್ಟಿಗೆ ಹೆಲ್ಮೆಟ್ ಡಿಕ್ಕಿ ಹೊಡೆದುಕೊಂಡು, ತಲೆಗೊಂದು ಚಕ್ರ ಹಿಡಿದು ತಿರುಗಿಸಿದೆವು. ದರೋಡೆಕೋರರು ಸಾಮಾನೆಲ್ಲ ಎತ್ತಿಕೊಂಡು ಹೋದರು. ಹೋಗಲಿ. ಎಂಜಿನ್ ತಣ್ಣಗಾಯಿತು, ಹಡಗು ಹೇಗೋ ತೇಲಿಕೊಂಡು ಬಂದರನ್ನು ಸೇರಿತು.

ಅಂಕ ಬಂದದ್ದು ಬೆರಳೆಣಿಕೆಯಷ್ಟು. ಬ್ರೀಡಾ ಖುಷಿಗೆ ಹಾಡು ಹೇಳಿದರು. ತೋಮೆಕ್, "ಕರೆದದ್ದಕ್ಕೆ ಥ್ಯಾಂಕ್ಸ್" ಅಂದ. ಬಂದದ್ದಕ್ಕೆ ಥ್ಯಾಂಕ್ಸ್ ಹೇಳುವುದು ಗೊತ್ತು, ಕರೆದದ್ದಕ್ಕೂ ಹೇಳುತ್ತಾರಾ? ವಿಚಿತ್ರ ಜನ. ಅನನ್ಯಾಳನ್ನು ಕರೆತರಲು ಹತ್ತು ನಿಮಿಷ ತಡವಾಯಿತು. ಮಳೆಯಲ್ಲಿ ನಿಂತಿದ್ದಳು. ಬೈದಳು, ಅವಳದೇ ಕಾರ್ಕ್ ಇಂಗ್ಲಿಷಿನಲ್ಲಿ. ಬೈಸಿಕೊಂಡೆ.

ಮೇ 22, ಗುರುವಾರ

ಸಂಪತ್ ಈ ವಾರ ಬರುವುದಿಲ್ಲವಂತೆ. ಆಸ್ಪತ್ರೆಯಲ್ಲಿ ಶನಿವಾರವೂ ಕೆಲಸ. "ಪರವಾಗಿಲ್ವಾ?" ಅಂದರು. ಪರವಾಗಿಲ್ಲ ಅಂದೆ. ಫೋನಿಟ್ಟು ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಆಟಕ್ಕೆ ಹೋಗಲಿಲ್ಲ. ಬರೆಯಲೂ ಮನಸ್ಸಿಲ್ಲ.

ಮೇ 31, ಶನಿವಾರ

ಎಲ್ಲಿಂದ ಶುರು ಮಾಡಲಿ?

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಸಂಪತ್ ಟೇಬಲ್ ಮುಂದೆ ಕೂತಿದ್ದರು. ಹಿಂದಿನ ವಾರ ಬಾರದೆ ಇದ್ದದ್ದಕ್ಕೋ ಏನೋ, ಸೊರಗಿದ ಹಾಗೆ ಕಂಡರು. ಚಟ್ನಿಯನ್ನು ಬೆರಳಲ್ಲಿ ಕಲಕುತ್ತಾ ಹೇಳಿದರು:

"ಮಂಗಳವಾರ ಹೇಳ್ಬೇಕು ಕಣೇ. ಸೈನ್ ಮಾಡ್ಲಾ?"

"ಬೇಡ" ಅಂದೆ.

ಅವರು ತಲೆ ಎತ್ತಿದರು. ನನಗೇ ಗಾಬರಿಯಾಯಿತು. ಆದರೆ ಬಾಯಿ ನಿಲ್ಲಲಿಲ್ಲ.

"ಮಾಡ್ಬೇಡಿ. ನನ್ ಕೈಲಿ ಆಗ್ತಿಲ್ಲ ರೀ. ಜನವರಿಯಿಂದಾನೂ ಆಗ್ತಿಲ್ಲ. ಬಾಯ್ಲರ್ ಕೆಟ್ಟು ಕೆಟಲ್‌ನಲ್ಲಿ ನೀರು ಕಾಯ್ಸಿದ್ದೀವಿ, ನಿಮಗೆ ಗ್ರ್ಯಾಂಡ್ ಅಂತ ಸುಳ್ಳು ಹೇಳ್ದೆ. ಭಾನುವಾರ ನೀವು ಹೋದ ಮೇಲೆ ಅನನ್ಯಾ ನಿಮ್ ದಿಂಬು ಎತ್ಕೊಂಡ್ ಹೋಗಿ ತನ್ ಹಾಸಿಗೇಲಿ ಇಟ್ಕೋತಾಳೆ. ನಾನು ಬೈದು ಕಿತ್ಕೋತೀನಿ. ಯಾಕ್ ಗೊತ್ತಾ? ಆ ದಿಂಬು ನಂಗ್ ಬೇಕು."

ಕಾವಲಿಯಿಂದ ಹೊಗೆ ಬಂತು. ಸಂಪತ್ ಎದ್ದು ಬಂದು ಒಲೆ ಆರಿಸಿದರು. ದೋಸೆ ಕರಿ ಹೆಂಚಾಗಿತ್ತು.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವ್ ಇನ್ನೊಂದ್ ಸಲ ಕೇಳ್ಬೇಕಿತ್ತು!"

"ಇನ್ನೊಂದ್ ಸಲ?" ಅವರಿಗೂ ದನಿ ಏರಿತು. "ಅಲ್ವೇ, ನಾನು ಕೇಳಿದ್ದೇ ನೀನು ಬೇಡ ಅನ್ಲಿ ಅಂತ. ಕಾಂಟ್ರಾಕ್ಟ್ ಬಂದಾಗ್ಲೂ ಅಷ್ಟೆ, ಪಾರ್ಕ್‌ನಲ್ಲೂ ಅಷ್ಟೆ. ನೀನು ಟಕ್ ಅಂತ ಹೋಗಿ ಬನ್ನಿ ಅಂದ್ಬಿಟ್ಟೆ. ನಾನಿಲ್ದಿದ್ರೇನೇ ಇವಳಿಗೆ ಆರಾಮ ಅಂದ್ಕೊಂಡೆ."

"ಆರಾಮ? ನಂಗೆ?"

"ನಂಗೇನ್ ಗೊತ್ತು? ಫೋನ್ ಮಾಡಿದ್ರೆ ಗ್ರ್ಯಾಂಡ್, ಮನೆಗೆ ಬಂದ್ರೆ ಗ್ರ್ಯಾಂಡ್."

"ನೀವು ಮಾತ್ರ ಅಲ್ಲಿ ಕುಕ್ಕರ್ ಇಟ್ಕೊಂಡು ಅಡುಗೆ ಮಾಡ್ಕೊಂಡು ಮಜವಾಗಿದ್ರಿ."

ಅವರು ಕುರ್ಚಿಗೆ ವಾಪಸ್ ಹೋಗಿ ಕೂತರು. ಆಮೇಲೆ ಮೆಲ್ಲಗೆ ಹೇಳಿದರು, ಆ ಕುಕ್ಕರ್ ಅದೇ ಮನೆಯಲ್ಲಿರುವ ಇನ್ನೊಬ್ಬರದಂತೆ. ನಾನು ಚಿಂತೆ ಮಾಡಬಾರದು ಅಂತ ಫೋನ್ ಮಾಡುವಾಗ ಅದರ ಮುಂದೆ ಹೋಗಿ ನಿಲ್ಲುತ್ತಿದ್ದರಂತೆ. ಇವರ ಊಟ ಬ್ರೆಡ್ಡು, ಚಟ್ನಿಪುಡಿ, ಹಾಸಿಗೆಯ ಮೇಲೆ ಕೂತುಕೊಂಡು. ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಅವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತದ್ದು ನಾನು ನೋಡಿರಲಿಲ್ಲ.

ಅನನ್ಯಾ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಕೆಳಗೆ ಬಂದು ಥೇಟು ಇಲ್ಲಿನ ಅಜ್ಜಿಯರ ಹಾಗೆ ಸೊಂಟದ ಮೇಲೆ ಕೈಯಿಟ್ಟು, "ಥ್ಯಾಂಕ್ಸ್ ಬಿ ಟು ಗಾಡ್" ಅಂದಳು. ಆಮೇಲೆ ದೋಸೆ ಎಲ್ಲಿ ಅಂದಳು.

ಯಾಕೆ ಹಾಗೆ ಬಾಯಿಂದ ಬಂದುಬಿಟ್ಟಿತೋ ಗೊತ್ತಿಲ್ಲ. ಬೆಳಿಗ್ಗೆ ಇನ್ನೂ ಕಾಫಿ ಕುಡಿದಿರಲಿಲ್ಲ. ಅದಕ್ಕೇ ಇರಬೇಕು.

ಜೂನ್ 3, ಮಂಗಳವಾರ

ಸಂಪತ್ ಅವರ ಮೇಲಿನವರ ಹತ್ತಿರ ಮಾತಾಡಿದರು. ವಾರಕ್ಕೆ ಎರಡೇ ದಿನ, ಬುಧವಾರ ಗುರುವಾರ, ಅಲ್ಲಿಗೆ ಹೋಗಿ, ಮಿಕ್ಕ ದಿನ ಮನೆಯಿಂದ ಮಾಡಬಹುದಂತೆ. ಆದರೆ ಹಾಗೆ ಮಾಡಿದರೆ ಕಾಯಂ ಇಲ್ಲ, ಕಾಂಟ್ರಾಕ್ಟನ್ನೇ ಇನ್ನಾರು ತಿಂಗಳು ಮುಂದುವರಿಸುತ್ತಾರೆ. ಆಮೇಲೆ ಏನೋ ಯಾರಿಗೂ ಗೊತ್ತಿಲ್ಲ. ಮೊದಲೇ ಯಾಕೆ ಕೇಳಲಿಲ್ಲ ಅಂದರೆ, "ಸಂಕೋಚ ಆಯ್ತು" ಅಂದರು. ಮಂಡ್ಯದವರಿಗೂ ಸಂಕೋಚ ಇರುತ್ತದೆ ಅಂತ ಇಂದು ತಿಳಿಯಿತು.

ಕಾಯಂ ಕೆಲಸ ಬಿಡುವುದು ಸಣ್ಣ ಮಾತಲ್ಲ. ಫೋನಿನಲ್ಲಿ ಅವರ ದನಿ ಸ್ವಲ್ಪ ಸಪ್ಪಗಿತ್ತು. "ನಿಮಗೆ ಬೇಜಾರಿದ್ಯಾ?" ಅಂದೆ. "ಇದೆ, ಸ್ವಲ್ಪ" ಅಂದರು. "ಆದ್ರೂ ಬರ್ತೀನಿ. ಗುರುವಾರ ಕೊನೇ ರೈಲಿಗೆ ಬರ್ತೀನಿ."

ಆಟಕ್ಕೆ ಹತ್ತಿ ಎಲ್ಲರಿಗೂ ಸುದ್ದಿ ಹೇಳಿದೆ. ಹಡಗು ಬಂದರು ಬಿಟ್ಟು ಹೊರಡಲೇ ಇಲ್ಲ. ಸಂಜೆಯೆಲ್ಲ ಬರೀ ಮಾತು.

ಜೂನ್ 8, ಭಾನುವಾರ

ಊಟಕ್ಕೆ ಬದನೆಕಾಯಿ ಹುಳಿ, ಹಪ್ಪಳ. ಸಂಪತ್ ಎರಡು ಸಲ ಬಡಿಸಿಕೊಂಡು, ಟೀವಿಯ ಮುಂದೆ ಸೋಫಾದಲ್ಲಿ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ ಮಲಗಿದರು. ಮಲಗಿದ ಕ್ಷಣಕ್ಕೇ ಗೊರಕೆ. ಅನನ್ಯಾ ಅವರ ಕಾಲ ಬಳಿ ಕೂತು ಮೊಬೈಲ್ ನೋಡುತ್ತಿದ್ದಳು.

ಇಷ್ಟು ದಿನ ಭಾನುವಾರ ಹಿಡಿಯುತ್ತಿದ್ದ ರೈಲಿನ ಹೊತ್ತಾಯಿತು. ನಾನು ಗಡಿಯಾರ ನೋಡಿದೆ. ಅನನ್ಯಾಳೂ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಎದ್ದು ಹೋಗಿ ಗೊರಕೆಯ ಸದ್ದು ಕೇಳಿಸಲಿ ಅಂತ ಟೀವಿಯ ದನಿ ಕಡಿಮೆ ಮಾಡಿದೆ.